ಕೊನೆಯ ವಚನ

"ಮುಗಿದ ಪುಸ್ತಕ ಅಂತೀರಲ್ಲ ಅಯ್ನೋರೇ, ಮುಗೀತು ಅಂದೋರು ಯಾರು?" ಗುಬ್ಬಿಯ ಚರ್ಚಿನ ಬಾಗಿಲಲ್ಲೇ ಅಡ್ಡ ನಿಂತು ನಿಂಗಮ್ಮ ಕೇಳಿದಳು.

ಸಭಾಪಾಲಕ ಸತ್ಯಮಿತ್ರ ಆಗಷ್ಟೇ ಸ್ಕೂಟರ್ ಇಳಿದಿದ್ದರು. ಬೆಳಗಾಗುತ್ತಲೇ ಕುಣಿಗಲ್ಲಿನಲ್ಲಿ ಒಂದು ಆರಾಧನೆ, ಆಮೇಲೆ ತುಮಕೂರಿನಲ್ಲಿ ಇನ್ನೊಂದು, ಈಗ ಇದು. ಗಂಟಲು ಕಟ್ಟಿತ್ತು, ಸೊಂಟ ಹಿಡಿದಿತ್ತು. ದೇವರೇ, ಇವತ್ತೇ ಬೇಕಿತ್ತಾ ಇದು!

"ಹಿಂದಿನ ಕಾಲದ ಹಿರಿಯರೇ ತೀರ್ಮಾನ ಮಾಡಿದಾರೆ ಕಣಮ್ಮ. ಸತ್ಯವೇದಕ್ಕೆ ಒಂದು ಮಾತೂ ಸೇರಿಸೋ ಹಾಗಿಲ್ಲ."

"ಆಮೇಲಿಂದ ದೇವ್ರು ಮಾತೇ ಆಡಿಲ್ವಾ?"

ಅವರಿಗೆ ವಿಷಯ ಗೊತ್ತಿತ್ತು. ನಿಂಗಮ್ಮನ ಮೊಮ್ಮಗು ಹುಟ್ಟಿದ ಮಾರನೆಯ ದಿನವೇ ತೀರಿಕೊಂಡಿತ್ತು. ಮಣ್ಣು ಮಾಡುವಾಗ ಸಭೆಯ ಹಿರಿಯ ಜ್ಞಾನರಾಜ್, "ದೀಕ್ಷಾಸ್ನಾನ ಆಗಿರ್ಲಿಲ್ಲ, ಪಾಪ, ಎಲ್ಲಿಗೆ ಹೋಯ್ತೋ" ಎಂದುಬಿಟ್ಟಿದ್ದರು. ಸತ್ಯವೇದ ಪೂರ್ತಿ ಬಾಯಿಪಾಠ ಎಂದು ಹೆಸರಾದ ಮನುಷ್ಯ, ಸುಮ್ಮನಿರಬಾರದಿತ್ತೇ? ಅಂದಿನಿಂದ ನಿಂಗಮ್ಮನ ಸೊಸೆ ಶಿಲ್ಪಾ ಸರಿಯಾಗಿ ಅನ್ನ ಮುಟ್ಟಿಲ್ಲ.

"ಸ್ವಾಮಿ ಕನಸಲ್ಲಿ ಬಂದಿದ್ರು. 'ಕೂಸು ನನ್ನ ತೊಡೆ ಮ್ಯಾಲೈತೆ, ಅವಳಿಗೆ ಉಣ್ಣಕ್ಕೆ ಹೇಳು' ಅಂದ್ರು. ನಾನು ಹೇಳಿದ್ರೆ ಅತ್ತೆ ಕಟ್ಟಿದ ಕಥೆ ಅಂತಾಳೆ. ನೀವು ಪುಸ್ತಕ ನೋಡ್ಕೊಂಡು ಓದ್ಬುಡಿ."

"ಸ್ವಾಮಿ ಮಕ್ಕಳನ್ನ ಹತ್ತಿರ ಕರೆದ ಪಾಠ ಇದೆ. ಅದನ್ನೇ ಓದ್ತೀನಿ."

"ಅವು ನಡ್ಕೊಂಡು ಹೋದ ಮಕ್ಕಳು ಅಯ್ನೋರೇ. ನಮ್ದು ಕಣ್ಣೇ ಬಿಟ್ಟಿರ್ಲಿಲ್ಲ."

ಸತ್ಯಮಿತ್ರ ಉಸ್ಸಪ್ಪಾ ಎಂದು ಮೆಟ್ಟಿಲ ಮೇಲೆ ಕೂತರು. ಒಬ್ಬರ ಕನಸಿಗೆ ಬಾಗಿಲು ತೆಗೆದರೆ ಇಡೀ ಜಿಲ್ಲೆಯ ಕನಸುಗಳು ನುಗ್ಗಿ ಬರುತ್ತವೆ. ಕುಣಿಗಲ್ಲಿನಲ್ಲಿ ಒಬ್ಬಾತನಿಗೆ ಆಗಾಗ ದೇವರ ವಾಣಿ ಕೇಳುತ್ತಿತ್ತು. ಈಚಿನದು, ಅಣ್ಣನ ಪಾಲಿನ ತೆಂಗಿನ ಮರಗಳೂ ನಿನ್ನವೇ ಎಂಬುದು. ಇಂಥವರಿಗೆಲ್ಲ ಇಲ್ಲ, ಇಲ್ಲ ಎಂದು ಹೇಳಿ ಹೇಳಿ ಅವರಿಗೆ ಸಾಕಾಗಿಹೋಗಿತ್ತು. "ಆಗಲ್ಲಮ್ಮ" ಎಂದು ಎದ್ದು ಒಳಗೆ ಹೋದರು.

ಮಕ್ಕಳನ್ನು ಕರೆದ ಪಾಠವನ್ನೇ ಓದಿದರು. ಓದಿ ಮುಗಿಸಿ 'ಇದು ದೇವರ ವಾಕ್ಯ' ಎನ್ನಬೇಕು, ಸಭೆ 'ದೇವರಿಗೆ ಸ್ತೋತ್ರ' ಎನ್ನಬೇಕು, ಅದು ರೂಢಿ. ತಲೆಯೆತ್ತಿದರೆ ಕಿಟಕಿಯ ಪಕ್ಕ ಶಿಲ್ಪಾ. ಕೆನ್ನೆ ಒಳಸೇರಿತ್ತು. ಕಣ್ಣು ಮಾತ್ರ ಅವರ ಕೈಯ ಪುಸ್ತಕದ ಮೇಲೇ ಇತ್ತು.

ಸತ್ಯಮಿತ್ರ ಮತ್ತೆ ತಲೆ ತಗ್ಗಿಸಿ ಪುಟದ ಮೇಲೆ ಬೆರಳಿಟ್ಟರು. ಬೆರಳಿಟ್ಟ ಕಡೆ ಅಕ್ಷರವಿರಲಿಲ್ಲ, ಬರೀ ಅಂಚಿನ ಖಾಲಿ ಜಾಗ.

"ಕಣ್ಣು ಬಿಡದ ಕೂಸೂ ನನ್ನ ತೊಡೆಯ ಮೇಲಿದೆ. ತಾಯಿಯೇ, ಎದ್ದು ಊಟಮಾಡು. ಇದು ದೇವರ ವಾಕ್ಯ."

"ದೇವರಿಗೆ ಸ್ತೋತ್ರ!" ಎಂದಿತು ಸಭೆ. ಎಲ್ಲರಿಗಿಂತ ದೊಡ್ಡ ದನಿ ಜ್ಞಾನರಾಜರದು.

ಆರಾಧನೆ ಮುಗಿದು ಹೊರಗೆ ಟೀ, ಬನ್ನು ಹಂಚುತ್ತಿದ್ದರು. ಶಿಲ್ಪಾ ಕಾಂಪೌಂಡಿಗೆ ಒರಗಿ ಬನ್ನನ್ನು ಟೀಯಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಪಕ್ಕದಲ್ಲಿ ನಿಂಗಮ್ಮ ತನ್ನ ಬನ್ನನ್ನೂ ಹಿಡಿದುಕೊಂಡು ಕಾಯುತ್ತಿದ್ದಳು.

ಜ್ಞಾನರಾಜ್ ಸ್ಕೂಟರಿನ ಹತ್ತಿರ ಬಂದರು. "ಅಯ್ಯನವರೇ, ಆ ಕೊನೇ ವಚನ ಎಷ್ಟು ಸಲ ಕೇಳಿದ್ರೂ ಹೊಸದಾಗೇ ಅನ್ಸುತ್ತೆ ನೋಡಿ. ಎಷ್ಟನೇದು ಅದು, ಹದಿನಾರಾ, ಹದಿನೇಳಾ?"

"ಅದಕ್ಕಿನ್ನೂ ನಂಬರ್ ಬಿದ್ದಿಲ್ಲ" ಎಂದು ಸತ್ಯಮಿತ್ರ ಸ್ಕೂಟರಿನ ಕಿಕ್ ಒದ್ದರು.