ದೊಡ್ಡಪ್ಪನ ಕಿವಿ

"ಕೇಳಿಸಲ್ಲ," ಎಂದ ಹಳೆಯ ಫಿಟ್ಟರ್. "ಎಂಜಿನ್ನಿನ ಗುಡುಗುಡು ಬಿಟ್ರೆ ಬೇರೆ ಯಾವ ದನಿಯೂ ಇಲ್ಲ. ಪಾಸು."

ಸೈಲೆನ್ಸರ್ ಕಾರ್ಖಾನೆಯ ಆ ಪರೀಕ್ಷೆ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳದವನು ಅವನೊಬ್ಬನೇ. "ಹತ್ತಿ ತುರುಕ್ಕೊಂಡ್ರೆ ಕೆಲಸ ಹೆಂಗೆ ಕೇಳಿಸುತ್ತೆ?" ಎಂದು ಮೂವತ್ತು ವರ್ಷದಿಂದ ನಗುತ್ತ ಬಂದಿದ್ದ. ಎಲ್ಲರಿಗೂ ಅವನು ದೊಡ್ಡಪ್ಪ. ಅವನ ಕಿವಿಯೇ ಅವನ ಕೆಲಸ; ಅದು ಒಪ್ಪದ ಸೈಲೆನ್ಸರ್ ಗೇಟು ದಾಟಿದ್ದಿಲ್ಲ.

ಹೊಸದಾಗಿ ಸೇರಿದ ಎಂಜಿನಿಯರ್ ಹುಡುಗಿ ಕೈಯಲ್ಲಿದ್ದ ಹಾಳೆಯನ್ನು ಇನ್ನೊಮ್ಮೆ ನೋಡಿದಳು. ಈ ಟ್ರ್ಯಾಕ್ಟರ್ ಸೈಲೆನ್ಸರಿಗೆ ತಗಡು ಕತ್ತರಿಸುವ ಮೊದಲೇ, ಅದು ಎಲ್ಲಿ ಅದುರಿ ಸದ್ದು ಮಾಡೀತು ಎಂದು ಹದಿನೈದು ದಿನ ಕಂಪ್ಯೂಟರಿನ ಮುಂದೆ ಕೂತು ಲೆಕ್ಕ ಹಾಕಿ ತೆಗೆದ ಚಿತ್ರ. ಅದರಲ್ಲಿ ಸೈಲೆನ್ಸರಿನ ಚಪ್ಪಟೆ ಹೊಟ್ಟೆಯ ಎಡಬದಿಯಲ್ಲಿ ಒಂದು ಕೆಂಪು ಮಚ್ಚೆ. ಈಗ ಹತ್ತಿ ತೆಗೆದು ಆಲಿಸಿದಾಗ ಅಲ್ಲಿಂದಲೇ ಸೊಳ್ಳೆಯಂಥ ಕೀರಲು ದನಿ ಬಂದಿತ್ತು.

"ಸದ್ದಿನ ಮೀಟರ್ ಒಪ್ಪಿದೆ, ದೊಡ್ಡಪ್ಪನೂ ಒಪ್ಪಿದಾನೆ. ಇನ್ನೇನಮ್ಮ?" ಎಂದ ಸೂಪರ್‌ವೈಸರ್.

"ಮೀಟರ್ ಇರೋದು ಕೊಳವೆ ಬಾಯಿ ಹತ್ರ ಸಾರ್. ಈ ದನಿ ಬರ್ತಿರೋದು ತಗಡಿನ ಮೈಯಿಂದ. ಓಡಿಸೋನು ದಿನವಿಡೀ ಇದರ ಪಕ್ಕದಲ್ಲೇ ಕೂರ್ಬೇಕು."

"ನಿನ್ನ ಕಾಗದ ಕೂಗ್ತಿರ್ಬೇಕು ನೋಡು, ತಾಯಿ," ಎಂದು ದೊಡ್ಡಪ್ಪ ಎಂಜಿನ್ ಆರಿಸಿದ. ಸೂಪರ್‌ವೈಸರ್ ನಗುತ್ತ ಮೊಹರು ತರಲು ಪಕ್ಕದ ಕೋಣೆಗೆ ಹೋದ.

ಆಗ ದೊಡ್ಡಪ್ಪನ ಅಂಗಿ ಜೇಬಿನಲ್ಲಿ ಮೊಬೈಲು ಸಣ್ಣಗೆ ಕಿಣಿಗುಟ್ಟಿತು. ಕಿಣಿಗುಟ್ಟುತ್ತಲೇ ಇತ್ತು. ಅವನು ತನ್ನ ಪಾಡಿಗೆ ಕೈ ಒರೆಸಿಕೊಳ್ಳುತ್ತಿದ್ದ.

ಹುಡುಗಿ ಅವನ ಜೇಬನ್ನೂ ಮುಖವನ್ನೂ ನೋಡಿದಳು. ಎಂಜಿನ್ನನ್ನು ಮತ್ತೆ ಚಾಲೂ ಮಾಡಿದಳು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಾದ ತಗಡಿನ ಎಡಬದಿಗೆ ಒತ್ತಿ, ಹಿಡಿಯನ್ನು ಅವನ ಅಂಗೈಗೆ ಕೊಟ್ಟಳು. ಅಂಗೈ ಜುಮ್ಮೆಂದಿತು. ಅವನು ತಾನೇ ತುದಿಯನ್ನು ಬಲಕ್ಕೆ ಸರಿಸಿದ, ಅಲ್ಲಿ ಅಷ್ಟಿರಲಿಲ್ಲ. ಮತ್ತೆ ಎಡಕ್ಕೆ ತಂದ. ಹಾಳೆಯ ಕೆಂಪು ಮಚ್ಚೆ ನೋಡಿದ, ಅವಳ ಮುಖ ನೋಡಿದ. ಬಹಳ ಹೊತ್ತು ಹಾಗೇ ಹಿಡಿದು ನಿಂತು, ಕೊನೆಗೆ ಎಂಜಿನ್ ಆರಿಸಿದ.

ಸೂಪರ್‌ವೈಸರ್ ಮೊಹರು ತಂದು ಎತ್ತಿದಾಗ ದೊಡ್ಡಪ್ಪ ಪರೀಕ್ಷೆಯ ವರದಿ ಮೇಲೆ ಕೈ ಅಡ್ಡ ಇಟ್ಟ.

"ಬೇಡಿ ಸಾರ್. ಕೂಗ್ತಿದೆ. ಹುಡುಗಿ ಬರೆದ ಜಾಗದಲ್ಲೇ."

"ಈಗ ತಾನೆ ಏನೂ ಇಲ್ಲ ಅಂದ್ಯಲ್ಲಪ್ಪ!"

"ಅದು ಕೂಗ್ತಾನೇ ಇತ್ತು ಸಾರ್. ನಂಗೆ ಕೇಳಿಸ್ಲಿಲ್ಲ."

ಸೂಪರ್‌ವೈಸರ್ ಮೊಹರನ್ನು ಕೆಳಗಿಟ್ಟ. ದೊಡ್ಡಪ್ಪ ಮೇಜಿನ ಮೇಲಿದ್ದ ಹತ್ತಿಯ ಉಂಡೆಯನ್ನು ತೆಗೆದುಕೊಂಡು ಬೆರಳಲ್ಲಿ ಹಿಂಜುತ್ತ ಕೂತ.

"ನಮ್ಮ ಹಿತ್ತಲಲ್ಲಿ ಎರಡು ವರ್ಷದಿಂದ ಜೀರುಂಡೆಗಳೇ ಇಲ್ಲ ಅಂದ್ಕೊಂಡಿದ್ದೆ, ತಾಯಿ."