ಚೆಂಡುಹೂವಿನ ಲೆಕ್ಕ

ನೀಲವ್ವನ ಪಾತ್ರೆ ಅಂಗಡಿಯ ಲೆಕ್ಕ ಮತ್ತೆ ಕೆಟ್ಟಿತ್ತು. ಪೇಟೆಯ ಎಲ್ಲ ಅಂಗಡಿಗಳಂತೆ ಅವಳ ಲೆಕ್ಕವೂ ಬಾಗಿಲ ಪಕ್ಕದ ಚೆಂಡುಹೂವಿನ ಗಿಡದ ಜೀವಕೋಶಗಳಲ್ಲೇ ದಾಖಲಾಗಿರುತ್ತಿತ್ತು. ರಿಪೇರಿಗೆ ಬಂದ ರುದ್ರೇಶ ಒಂದು ಹೂ ಕಿತ್ತು ಲೆಕ್ಕ ಓದುವ ಯಂತ್ರದೊಳಗಿಟ್ಟ. ಅವಳು ಎಂದೂ ಮಾರದ ಕುಕ್ಕರುಗಳು ಪರದೆಯ ಮೇಲೆ ಸಾಲುಸಾಲಾಗಿ ಬಂದವು.

“ಯಾರೋ ಬೇಕಂತನ ಕೆಡಿಸ್ಯಾರ,” ಎಂದಳು ನೀಲವ್ವ. ಇದೇ ಸಂಶಯಕ್ಕೆ ಮೊನ್ನೆ ಹಳೆಯ ಗುಮಾಸ್ತನನ್ನು ಕೆಲಸದಿಂದ ಬಿಡಿಸಿದ್ದಳು.

“ಇಲ್ರೀ ಅಕ್ಕಾರ. ಜೇನುಹುಳ ಬ್ಯಾರೆ ಅಂಗಡಿ ಗಿಡದ ಪರಾಗ ತಂದು ಹಾಕ್ಯಾವ. ಅವರ ಲೆಕ್ಕ ನಿಮ್ಮದ್ರಾಗ ಕೂಡೈತಿ.”

“ಹಂಗಾರ ನಮ್ಮ ಲೆಕ್ಕ?”

“ಅದೂ ಅಲ್ಲಿಗೆ ಹೋಗಿರ್ತೈತ್ರಿ.”

ನೀಲವ್ವ ಎದುರಿನ ಪಾತ್ರೆ ಅಂಗಡಿಯತ್ತ ನೋಡಿದಳು. ಅವಳು ಯಾವ ದರ ಇಟ್ಟರೂ ಅಲ್ಲಿ ಶಂಕ್ರಪ್ಪನದು ಹತ್ತು ರೂಪಾಯಿ ಕಡಿಮೆಯೇ. ಅವನ ಮಾಳಿಗೆಯ ಮೇಲೆ, ಹವ್ಯಾಸಕ್ಕೆಂದು ಇಟ್ಟ ಜೇನುಪೆಟ್ಟಿಗೆಗಳು ಬಿಸಿಲಲ್ಲಿ ಗುಂಯ್‌ಗುಡುತ್ತಿದ್ದವು.

ಹಬ್ಬಕ್ಕೆ ಅವನೇ ತಂದುಕೊಟ್ಟಿದ್ದ ಜೇನುತುಪ್ಪದ ಬಾಟಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇತ್ತು, ಅರ್ಧ ಖಾಲಿಯಾಗಿ. ಎಂಥ ರುಚಿ ನೋಡಿ ಎಂದು, ಬಂದ ಗಿರಾಕಿಗಳಿಗೆಲ್ಲ ಅವಳೇ ನೆಕ್ಕಿಸಿದ್ದಳು.