ಸದ್ದು ಬರದ ನೆಟಗಿ

ಹೊಸ ಟಿಪ್ಪರ್ ಮುಂದ ನಿಂತಿದ್ದ ಮಗನ ಮುಖ ಸವರಿ, ಶಹಜಾದಿ ಬೆರಳು ಮಡಚಿ ತನ್ನ ಕಣತಲಿಗೆ ಒತ್ತಿದಳು. ದೃಷ್ಟಿ ತೆಗದಾಗ ನೆಟಗಿ ಲಟಲಟ ಅನ್ನಬೇಕು. ಒಂದೂ ಅನ್ನಲಿಲ್ಲ.

"ಏನಮ್ಮಾ, ಮೂಕಿ ಪಿಕ್ಚರ್ ಆತಲ್ಲ?" ಅಂದ ಗೌಸ್. ಇಂಜಿನ್ ಚಾಲೂ ಇತ್ತು.

"ಸಿರುಗುಪ್ಪದ ಕಣ್ಣೆಲ್ಲಾ ನಿನ್ನ ಮ್ಯಾಲೇ ಐತಿ. ದೃಷ್ಟಿ ಹೋಗಿಲ್ಲ. ಇವತ್ತು ಗಣಿಗೆ ಹೋಗಬ್ಯಾಡ."

"ಮೊದಲ್ನೇ ಟ್ರಿಪ್ಪಮ್ಮಾ. ಹೋಗಲಿಲ್ಲಂದ್ರ ಸಾಹುಕಾರ ಚಾವಿ ಬ್ಯಾರೆಯವಂಗ ಕೊಡ್ತಾನ." ಗೌಸ್ ಕೈ ಹಿಂದ ಮಾಡಿ ತನ್ನ ಬೆರಳು ಲಟಲಟ ಮುರಿದ. "ಬಂತು ನೋಡು ಸೌಂಡು. ಡಬ್ಬಿಂಗ್ ಮುಗೀತು, ಇನ್ನ ಹೀರೋ ಎಂಟ್ರಿ."

"ಅದು ನಿನ್ನ ಬೆರಳಲೇ, ಕಳ್ಳ." ಅವಳು ಮತ್ತ ಒತ್ತಿ, ತುಟಿ ಕಚ್ಚಿದಳು.

"ತಾ ಇಲ್ಲಿ, ನಾನೇ ಮುರೀತೀನಿ." ಗೌಸ್ ನಗ್ತಾನೇ ಅವಳ ಕೈ ಹಿಡಿದ. ಅವನು ದಿನಾ ತನ್ನ ಹತ್ತೂ ಬೆರಳು ಮುರೀತಿದ್ದ, ಒಂದಿನಾನೂ ನೋವಾಗಿರಲಿಲ್ಲ. ಇವಳ ಗೆಣ್ಣು ಬಾತು, ಗಣಿಯಿಂದ ಇಳದು ಬಂದ ಟಾಯರ್ ಹಂಗ ಬಿಸಿ ಇದ್ವು.

"ಯಾವಾಗಿಂದ ಹಿಂಗ?"

"ರಂಜಾನ್ ಹಬ್ಬದಿಂದ. ಮುಂಜಾನಿ ಎದ್ದ ಕೂಡ್ಲೇ ಮುಷ್ಟಿ ಹಿಡಿಯಾಕ ಆಗಲ್ಲ, ರೊಟ್ಟಿ ಬಡಿಯಾಕ ಆಗಲ್ಲ. ನನಗೂ ಯಾರದೋ ದೃಷ್ಟಿ ಆಗೇತಿ ಬಿಡು."

ಗೌಸ್ ಕ್ಯಾಬಿನ್ ಹತ್ತಿ ಇಂಜಿನ್ ಆಫ್ ಮಾಡಿದ. ಚಾವಿ ಸೀಟಿನ ಮ್ಯಾಲೆ ಬಿಟ್ಟು ಕೆಳಗ ಇಳದ.

"ಗಾಡಿ?" ಅಂದಳು ಶಹಜಾದಿ.

"ಗಾಡಿಗೆ ಡ್ರೈವರ್ ಸಿಗ್ತಾನ. ನಡಿ, ಬಳ್ಳಾರಿ ಬಸ್ ಹಿಡಿಯೋಣು. ನಿನ್ನ ಕೈ ಡಾಕ್ಟರ್ ನೋಡ್ಲಿ."